ಮುಂದೇನಾಗುತ್ತದೆ ಎಂದು ಬಲ್ಲವರು

ಅವಳು ಸತ್ತಿಲ್ಲವೆಂದು ಮುನ್ನೂರು ಚಿಲ್ಲರೆ ಜನ ಒಮ್ಮತದಿಂದ ತೀರ್ಮಾನಿಸಿಬಿಟ್ಟಿದ್ದರು. ಇನ್ನು ಇತ್ಯರ್ಥವಾಗಬೇಕಾದದ್ದು ಅವಳನ್ನು ಬಚ್ಚಿಟ್ಟವರು ಯಾರು ಎಂಬುದಷ್ಟೆ.

ಅವನು ಬಸ್ಸಿನ ಕಂಬಿಗೆ ಮೊಣಕೈ ಸಿಕ್ಕಿಸಿ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಓದುತ್ತಿದ್ದ. ಕಥೆಯಲ್ಲಿ ಆಗಾಗ ಸುಳಿಯುವ ಹಳದಿ ಕೋಟಿನವನೇ ಬಚ್ಚಿಟ್ಟಿದ್ದಾನೆ ಎನ್ನುವವರದು ಒಂದು ಪಂಗಡ. ಆ ಹಳದಿ ಕೋಟಿನವನೇ ಅವಳು, ವೇಷ ಹಾಕಿದ್ದಾಳೆ ಎನ್ನುವವರದು ಇನ್ನೊಂದು. ಮಂಜಿಗೇ ಜೀವವಿದೆ, ಅದು ಮಕ್ಕಳನ್ನು ಸಾಕುತ್ತದೆ ಎಂದು ಒಬ್ಬ ಮಾರುದ್ದ ಬರೆದು, ನಿದ್ದೆ ಬರುತ್ತಿದೆ, ಉಳಿದದ್ದು ನಾಳೆ ಎಂದು ನಿಲ್ಲಿಸಿದ್ದ. ಇವರಲ್ಲಿ ಯಾರೂ ತಮಾಷೆಗೆ ಬರೆದವರಲ್ಲ.

ವೆಬ್‌ಕಾಮಿಕ್‌ನ ಹೆಸರು 'ತಂತಿದಾರಿ'. ಹದಿನೈದು ವರ್ಷದಿಂದ ಪ್ರತಿ ಬುಧವಾರ ಸಂಜೆ ಅಂತರ್ಜಾಲದಲ್ಲಿ ಒಂದು ಪುಟ ಬರುತ್ತದೆ. ಎರಡು ಬೆಟ್ಟಗಳ ನಡುವೆ ರೋಪ್‌ವೇ ನಡೆಸುವ ಒಬ್ಬ ಅಪ್ಪ, ಅವನ ಮಗಳು ಪುಟ್ಟಿ. ಏಳು ವರ್ಷದ ಹಿಂದೆ ಪುಟ್ಟಿ ತಂತಿಗೆ ತೂಗುವ ಡಬ್ಬಿ ಹತ್ತಿ ಆಚೆ ಬೆಟ್ಟಕ್ಕೆ ಹೋದಳು. ಡಬ್ಬಿ ಮಂಜಿನೊಳಗಿಂದ ಅವಳಿಲ್ಲದೆ ಮರಳಿತು. ಅಂದಿನಿಂದ ಅಪ್ಪ ಈಚೆ ಬೆಟ್ಟದಲ್ಲಿ ನಿಂತಿದ್ದಾನೆ, ಓದುಗರೂ ನಿಂತಿದ್ದಾರೆ. ಮುಂದೇನು ಎಂದು ತಲೆ ಕೆಡಿಸಿಕೊಳ್ಳುವುದಕ್ಕೆಂದೇ ಅವರು ಒಂದು ಜಾಲತಾಣ ಮಾಡಿಕೊಂಡು ಅದಕ್ಕೆ 'ಕಟ್ಟೆ' ಎಂದು ಹೆಸರಿಟ್ಟಿದ್ದರು. ಕಾಮಿಕ್ ಬರೆಯುವವರು ಯಾರೆಂದು ಕಟ್ಟೆಯಲ್ಲಿ ಯಾರಿಗೂ ಗೊತ್ತಿಲ್ಲ. ಹೆಸರು ಹಾಕದ ಆ ಮನುಷ್ಯನನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಾರೆ.

ಮೇಷ್ಟ್ರು ಈಗ ಬಸ್ಸಿನಲ್ಲಿ, ಯಾರದೋ ಚೀಲದ ಮೂಲೆಯಿಂದ ಪಕ್ಕೆಗೆ ತಿವಿಸಿಕೊಳ್ಳುತ್ತ ನಿಂತಿದ್ದರು.

ನಿನ್ನೆ ಅವನು ಒಂದು ಕೆಲಸ ಮಾಡಿದ್ದ. 'ಹೊಸಬ' ಎಂಬ ಹೆಸರಿನಲ್ಲಿ ಕಟ್ಟೆ ಸೇರಿ, ಎಲ್ಲರಂತೆ ತಾನೂ ಒಂದು ಊಹೆ ಬರೆದಿದ್ದ. 'ಪುಟ್ಟಿಯನ್ನು ಯಾರೂ ಬಚ್ಚಿಟ್ಟಿಲ್ಲ. ಅವಳಿಗೆ ಆಚೆ ಬೆಟ್ಟ ಹಿಡಿಸಿದೆ. ಮರಳಿ ಬರುವ ಮನಸ್ಸಿಲ್ಲ, ಅಷ್ಟೆ. ಈ ಬುಧವಾರ ಅವಳೇ ಅದನ್ನು ಹೇಳುತ್ತಾಳೆ, ಅಲ್ಲಿಗೆ ಕಥೆ ಮುಗಿಯುತ್ತದೆ.'

ಅದು ಊಹೆಯಲ್ಲ. ಇವತ್ತಿನ ಪುಟ ಹಾಗೆಯೇ ಬರಬೇಕಿತ್ತು. ಮುಕ್ಕಾಲು ಪಾಲು ಬಿಡಿಸಿಯೂ ಆಗಿತ್ತು. ಅದನ್ನು ಪ್ರಕಟಿಸುವ ಮೊದಲು ಒಬ್ಬರು, ಯಾರಾದರೂ ಒಬ್ಬರು, 'ಹೌದಲ್ಲ, ಹಾಗೂ ಇರಬಹುದು' ಎನ್ನಲಿ ಎಂದು ಅವನಿಗೆ ಆಸೆಯಾಗಿತ್ತು. ನಲವತ್ತೇಳು ವರ್ಷದ ಮನುಷ್ಯನಿಗೆ ಇದು ನಾಚಿಕೆಗೇಡಿನ ಆಸೆ ಎಂದು ತಿಳಿದಿದ್ದರೂ ಬೆಳಿಗ್ಗೆ ಎದ್ದವನು ಹಲ್ಲುಜ್ಜುವ ಮೊದಲೇ ಫೋನು ತೆಗೆದಿದ್ದ.

ಉತ್ತರ ಬಂದಿತ್ತು. ಬರೆದವನು ಕಟ್ಟೆಯ ಹಿರಿಯ, 'ಮೊಸಳೆ' ಎಂಬಾತ.

'ಹೊಸಬರೇ, ದಯವಿಟ್ಟು ಮೊದಲಿನಿಂದ ಓದಿಕೊಂಡು ಬನ್ನಿ. ಡಬ್ಬಿ ಮರಳಿದಾಗ ಅದರ ಮೂಲೆಯಲ್ಲಿ ಒಂದೇ ಒಂದು ಕೆಂಪು ಚಪ್ಪಲಿ ಇತ್ತು. ಇಷ್ಟಪಟ್ಟು ಹೋದವಳು ಒಂಟಿ ಚಪ್ಪಲಿ ಬಿಟ್ಟು ಹೋಗುತ್ತಾಳೆಯೇ? ಇಡೀ ಕಥೆ ನಿಂತಿರುವುದೇ ಆ ಚಪ್ಪಲಿಯ ಮೇಲೆ.'

ಆ ಚಪ್ಪಲಿಯ ಕಥೆ ಅವನೊಬ್ಬನಿಗೇ ಗೊತ್ತು. ಡಬ್ಬಿಯನ್ನು ಅವನು ಬಿಡಿಸಿದ್ದು ಒಮ್ಮೆ ಮಾತ್ರ. ಆಮೇಲೆಲ್ಲ ಅದೇ ಚಿತ್ರವನ್ನು ನಕಲು ಮಾಡಿ ಅಂಟಿಸುತ್ತಿದ್ದ. ಹಿಂದಿನ ಯಾವುದೋ ಪುಟದಲ್ಲಿ ಪುಟ್ಟಿ ಆಟವಾಡುತ್ತ ಕಳಚಿಟ್ಟಿದ್ದ ಚಪ್ಪಲಿ ಆ ನಕಲಿನಲ್ಲಿ ಹಾಗೆಯೇ ಉಳಿದಿತ್ತು. ಅಳಿಸಲು ಮರೆತಿದ್ದ. ಅವನ ಗಮನಕ್ಕೆ ಬರುವಷ್ಟರಲ್ಲಿ ಕಟ್ಟೆಯಲ್ಲಿ ಅದರ ಅಳತೆ, ಬಣ್ಣ, ಹಿಮ್ಮಡಿಯ ಸವೆತದ ಮೇಲೆ ವಾದವಿವಾದ ನಡೆದು, ಯಾರೋ ಒಬ್ಬಾಕೆ ಅದನ್ನು ಕಾಲಿಗೆ ಹಚ್ಚೆ ಹಾಕಿಸಿಕೊಂಡು ಫೋಟೋ ಕೂಡ ಹಾಕಿದ್ದಳು. ಇನ್ನೊಬ್ಬರ ಚರ್ಮದ ಮೇಲೆ ಕೂತ ತಪ್ಪನ್ನು ತಿದ್ದುವುದು ಹೇಗೆಂದು ತಿಳಿಯದೆ ಅವನು ಸುಮ್ಮನಾಗಿದ್ದ.

ಒಂದೇ ಕೈಯಲ್ಲಿ ಬರೆದ: 'ಮೇಷ್ಟ್ರು ಹಳೆ ಚಿತ್ರ ನಕಲು ಮಾಡಿ ಚಪ್ಪಲಿ ಅಳಿಸಲು ಮರೆತಿರಬಹುದು.'

ಇಳಿಯುವ ನಿಲ್ದಾಣ ಬರುವ ಮೊದಲೇ ಮೊಸಳೆ ಬಾಯಿ ಹಾಕಿತ್ತು: 'ಮೇಷ್ಟ್ರು ಅಷ್ಟು ಬೇಜವಾಬ್ದಾರಿ ಮನುಷ್ಯರಲ್ಲ. ಅವರಿಗೆ ಅವಮಾನ ಮಾಡಬೇಡಿ.'

ಆಫೀಸಿನಲ್ಲಿ ಅವನ ಕೆಲಸ ಮುಖವಿಲ್ಲದ ಜನರನ್ನು ಬಿಡಿಸುವುದು. ಬೆಂಕಿ ಆರಿಸುವ ಸಿಲಿಂಡರನ್ನು ಗೋಡೆಯಿಂದ ಇಳಿಸುವವರು, ಕೆಟ್ಟು ನಿಂತ ಲಿಫ್ಟಿನಲ್ಲಿ ಗುಂಡಿ ಒತ್ತುವವರು, ಹೊಸ ಯಂತ್ರದ ಮುಂದೆ ಸರಿಯಾದ ಭಂಗಿಯಲ್ಲಿ ಬಾಗುವವರು. ಸೂಚನಾ ಪುಸ್ತಕಗಳಿಗೆ ಇಂಥ ಚಿತ್ರ ಮಾಡಿಕೊಡುವ ಸಂಸ್ಥೆ ಅದು. ಕಣ್ಣು ಮೂಗು ಬಿಡಿಸಿದರೆ ಅದು ಯಾರೋ ಒಬ್ಬರಾಗಿಬಿಡುತ್ತದೆ, ಆಗ ಉಳಿದವರು ಇದು ನಮಗಲ್ಲ ಅಂದುಕೊಳ್ಳುತ್ತಾರೆ ಎಂಬುದು ಮ್ಯಾನೇಜರನ ಸಿದ್ಧಾಂತ.

ಮ್ಯಾನೇಜರ್ ಅವನ ಚಿತ್ರವೊಂದನ್ನು ಹಿಡಿದು ಬಂದ.

"ಇದು ಸ್ವಲ್ಪ ನೋಡಿ. ಇವನು ಹೆದರಿದ ಹಾಗೆ ಕಾಣ್ತಾನೆ."

"ಮುಖವೇ ಇಲ್ವಲ್ಲ ಸರ್."

"ಇಲ್ಲ, ನಿಜ. ಆದ್ರೂ ಹೆದರಿದಾನೆ."

ಅವನು ಆ ಆಕೃತಿಯ ಭುಜಗಳನ್ನು ಕೂದಲೆಳೆಯಷ್ಟು ಕೆಳಗಿಳಿಸಿದ. ಹೆದರಿಕೆ ಹೋಯಿತು. ಮ್ಯಾನೇಜರ್ ಸಮಾಧಾನದಿಂದ ತಲೆಯಾಡಿಸಿ ಹೋದ.

ಮಧ್ಯಾಹ್ನ ಪ್ರೂಫ್ ನೋಡುವಾಕೆ ತನ್ನ ಊಟದ ಡಬ್ಬಿಯನ್ನು ಅವನ ಮೇಜಿಗೇ ತಂದಳು. ಬುಧವಾರವೆಂದರೆ ಆಕೆಗೆ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಇಡೀ ಆಫೀಸಿನಲ್ಲಿ 'ತಂತಿದಾರಿ' ಓದುವವಳು ಆಕೆಯೊಬ್ಬಳೇ. ಎರಡು ವರ್ಷದಿಂದ ವಾರವಾರವೂ ಅವನಿಗೆ ಅವನದೇ ಕಥೆ ಹೇಳುತ್ತಾಳೆ. ಅವನು ಕೇಳಿಸಿಕೊಳ್ಳುತ್ತಾನೆ. ವಾರದಲ್ಲಿ ಅವನ ಎದುರು ಕೂತು ಯಾರಾದರೂ ಇಷ್ಟು ಹೊತ್ತು ಮಾತಾಡುವುದು ಅದೊಂದೇ ದಿನ. ಆದ್ದರಿಂದ ಬರೆಯುವವನು ತಾನೇ ಎಂದು ಅವನು ಬಾಯಿ ಬಿಟ್ಟಿಲ್ಲ. ಬಿಟ್ಟರೆ ಆಕೆ ಊಹಿಸುವುದನ್ನು ನಿಲ್ಲಿಸುತ್ತಾಳೆ.

"ನನಗನ್ಸೋದೇ ಬೇರೆ ಸರ್. ಪುಟ್ಟಿ ಆ ಕಡೆ ಬೆಟ್ಟದಲ್ಲಿ ಕೆಲಸಕ್ಕೆ ಸೇರ್ಕೊಂಡಿದಾಳೆ. ಅಪ್ಪನ ತಂತಿ ಹಳೇದಾಗಿದೆಯಲ್ಲ? ಹೊಸ ತಂತಿ ತಗೊಂಡು ಬರ್ತಾಳೆ ನೋಡಿ."

"ತಂತಿ ಹೊತ್ಕೊಂಡಾ?"

"ತಮಾಷೆ ಮಾಡ್ಬೇಡಿ. ಇವತ್ತಲ್ಲ ನಾಳೆ ಬಂದೇ ಬರ್ತಾಳೆ. ಇಲ್ಲಾಂದ್ರೆ ನಾವೆಲ್ಲ ಇಷ್ಟು ವರ್ಷ ಯಾಕೆ ಕಾಯ್ಬೇಕಿತ್ತು?"

ಅವನು ತುತ್ತು ನುಂಗಿ, ಆದಷ್ಟು ಹಗುರವಾಗಿ ಕೇಳಿದ.

"ಅವಳಿಗೇ ಬರೋಕೆ ಇಷ್ಟ ಇಲ್ದೆ ಇದ್ರೆ?"

"ಯಾರಿಗೆ?"

"ಪುಟ್ಟಿಗೆ. ಯಾರೂ ಹಿಡಿದಿಟ್ಟಿಲ್ಲ, ಯಾರೂ ತಲೆ ಕೆಡಿಸಿಲ್ಲ. ಅಪ್ಪನ ಜೊತೆ ಇರೋದು ಬೇಡ ಅನ್ಸಿತು, ಹೋದಳು. ಅಷ್ಟೇ ಇದ್ರೆ?"

ಆಕೆ ಚಮಚ ಕೆಳಗಿಟ್ಟಳು. ಕಥೆಯ ಬಗ್ಗೆ ಎಂದೂ ಮುನಿಯದವಳ ಮುಖ ಸಣ್ಣದಾಯಿತು.

"ನಿಮಗೆ ಮಕ್ಕಳಿಲ್ವಾ ಸರ್?"

"ಇಲ್ಲ," ಎಂದ.

"ಅದಕ್ಕೇ." ಆಕೆ ಮತ್ತೆ ಚಮಚ ಎತ್ತಿಕೊಂಡಳು. ಅವನ ಮೇಲೆ ಮರುಕ ಬಂದಂತಿತ್ತು. "ಇದ್ದಿದ್ರೆ ಹೀಗೆ ಮಾತಾಡ್ತಿರ್ಲಿಲ್ಲ."

ಇಲ್ಲ ಎಂಬ ಮಾತು ಎಷ್ಟು ಸಲೀಸಾಗಿ ಬಂತೆಂದರೆ, ಅದು ಬಹಳ ದಿನದಿಂದ ನಾಲಗೆಯ ಹಿಂದೆಯೇ ಕೂತಿದ್ದಿರಬೇಕು ಅನ್ನಿಸಿ ಅವನಿಗೆ ಭಯವಾಯಿತು. ಮೇಜಿನ ಡ್ರಾಯರಿನಲ್ಲಿ ಮಗಳ ಫೋಟೋ ಇತ್ತು. ಅದನ್ನು ತೆಗೆದು ತೋರಿಸಿ, 'ಇದ್ದಾಳೆ, ಹತ್ತೊಂಬತ್ತು ವರ್ಷ' ಎನ್ನಬಹುದಿತ್ತು. ಆಕೆಯ ಡಬ್ಬಿಯ ಮುಚ್ಚಳ ಟಪ್ಪೆಂದು ಹಾಕಿಕೊಂಡಿತು. ಹೊತ್ತು ಮೀರಿತು.

ಕಥೆ ಶುರುವಾದದ್ದು ಆ ಮಗಳಿಗಾಗಿ. ನಾಲ್ಕು ವರ್ಷದವಳು ಊಟ ಮಾಡುವುದಿಲ್ಲವೆಂದು ಹಟ ಹಿಡಿದಾಗ ಕಾಗದದ ಮೇಲೆ ಎರಡು ಬೆಟ್ಟ ಗೀಚಿ ನಡುವೆ ಒಂದು ಗೆರೆ ಎಳೆದಿದ್ದ. "ಆಮೇಲೆ?" ಎಂದಿದ್ದಳು. ಎಂಟು ವರ್ಷ ಆಮೇಲೆ, ಆಮೇಲೆ ಎನ್ನುತ್ತಲೇ ಬೆಳೆದಳು. ಗಂಡ ಹೆಂಡಿರು ಬೇರೆಯಾದಾಗ, ಕೋರ್ಟಿನಲ್ಲಿ ಗೋಡೆಗೆ ಗೊಂಬೆ ಚಿತ್ರಗಳನ್ನು ಅಂಟಿಸಿದ್ದ ಒಂದು ಕೋಣೆಯಲ್ಲಿ, ಮೆಲುದನಿಯ ಹೆಂಗಸೊಬ್ಬರು ಯಾರ ಜೊತೆ ಇರುತ್ತೀಯಮ್ಮ ಎಂದು ಕೇಳಿದರು. ಮಗಳು ಅಳಲಿಲ್ಲ, ಅತ್ತಿತ್ತ ನೋಡಲಿಲ್ಲ. "ಅಮ್ಮನ ಜೊತೆ," ಎಂದಳು. ಆಮೇಲೆ ನೀರು ಕುಡಿಯಬಹುದಾ ಎಂದು ಕೇಳಿದಳು.

ತಾಯಿ ಹೇಳಿಕೊಟ್ಟು ಮಾತಾಡಿಸಿದ್ದಾಳೆ ಎಂದು ಅವನು ಕಂಡಕಂಡವರ ಮುಂದೆಲ್ಲ ಹೇಳಿಕೊಂಡು ತಿರುಗಿದ. ಕೇಳಿದವರು ನಂಬಿದರು. ಆ ಬುಧವಾರ ಪುಟ್ಟಿಯನ್ನು ಮಂಜಿನೊಳಗೆ ಕಳಿಸಿದ. ಮಂಜು ಬಿಡಿಸುವುದು ಸುಲಭ, ಕಾಗದವನ್ನು ಹಾಗೇ ಬಿಟ್ಟರೆ ಆಯಿತು. ಏಳು ವರ್ಷ ಅವನು ಅದನ್ನೇ ಮಾಡಿದ್ದ. ಈಗ ಅವನಿಗೆ ಸಾಕಾಗಿತ್ತು.

ಸಂಜೆ ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಮಗಳಿಗೆ ಫೋನು ಮಾಡಿದ. ಬೇರೆ ಊರಿನಲ್ಲಿ ತಾಯಿಯ ಜೊತೆ ಇದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದಳು.

"ನಾನು, ಅಪ್ಪ."

"ಗೊತ್ತು. ಫೋನಲ್ಲಿ ಹೆಸರು ಬರತ್ತೆ."

"ಊಟ ಆಯ್ತಾ?"

"ಈಗ್ಲೇನಾ? ಇನ್ನೂ ಬೆಳಕಿದೆ."

"ಹೌದಲ್ಲ." ಅವನು ಕಿಟಕಿಯತ್ತ ನೋಡಿದ. "ರಜೆಗೆ ಬರ್ತೀಯಾ?"

"ನೋಡ್ತೀನಿ. ಪ್ರಾಜೆಕ್ಟ್ ಇದೆ."

"ಹೋದ ಸಲಾನೂ ಇತ್ತು."

"ಪ್ರತಿ ಸಲಾನೂ ಇರತ್ತೆ."

ಫೋನಿನಾಚೆ ಯಾರೋ ನಲ್ಲಿ ತಿರುಗಿಸಿದರು, ನಿಲ್ಲಿಸಿದರು.

"ಕಾಮಿಕ್ ನೋಡ್ತೀಯಾ?"

"ಆಗಾಗ." ಆಮೇಲೆ ಅವಳೇ ಕೇಳಿದಳು: "ಆ ಅಪ್ಪ ಇನ್ನೂ ಅಲ್ಲೇ ನಿಂತಿದಾನಾ?"

"ನಿಂತಿದಾನೆ."

"ಪಾಪ. ಕಾಲು ನೋಯಲ್ವಾ?"

ಅವನು ನಕ್ಕ. ಅವಳೂ ನಕ್ಕಳು. ಆ ನಗೆಯಲ್ಲಿ ನಾಲ್ಕು ವರ್ಷದ ಹುಡುಗಿ ಇನ್ನೂ ಇದ್ದಳು. ಈಗ ಕೇಳದಿದ್ದರೆ ಇನ್ನೆಂದೂ ಕೇಳಲಾರೆ ಅನ್ನಿಸಿತು.

"ಇವತ್ತು ಪುಟ್ಟಿ ಮಾತಾಡ್ತಾಳೆ. ಏನು ಹೇಳ್ತಾಳೆ ಅನ್ಸತ್ತೆ ನಿನಗೆ?"

ಆಚೆ ನಲ್ಲಿ ಮತ್ತೊಮ್ಮೆ ಹರಿದು ನಿಂತಿತು.

"ನೀವೇ ತಾನೇ ಬರೆಯೋದು? ನನ್ನ ಕೇಳಿದ್ರೆ?"

"ಸುಮ್ನೆ. ನಿನ್ನ ಊಹೆ ಏನು ಅಂತ."

"ನಂಗೆ ಊಹೆ ಮಾಡೋಕೆಲ್ಲ ಬರಲ್ಲ. ಇಡ್ಲಾ? ಅಮ್ಮ ಕರೀತಿದಾರೆ."

ಯಾರೂ ಕರೆದದ್ದು ಅವನಿಗೆ ಕೇಳಿಸಿರಲಿಲ್ಲ. ಸರಿ ಎಂದ. ಫೋನು ಇಟ್ಟ ಮೇಲೆ, ಇವಳು ತನ್ನನ್ನು ನೀವು ಎನ್ನಲು ಶುರು ಮಾಡಿದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ನೋಡಿದ. ನೆನಪಾಗಲಿಲ್ಲ.

ಮೇಜಿನ ಮುಂದೆ ಕೂತು ಡ್ರಾಯಿಂಗ್ ಟ್ಯಾಬ್ ಹಚ್ಚಿದ. ಏಳು ಗಂಟೆಗೆ ಪುಟ ಹೋಗಬೇಕು. ಚಿತ್ರ ಸಿದ್ಧವಿತ್ತು: ಒಂದೇ ದೊಡ್ಡ ಚೌಕ, ಕೆಳಗೆ ಬೆನ್ನು ತಿರುಗಿಸಿ ನಿಂತ ಅಪ್ಪ, ಮೇಲೆ ಮಂಜಿನೊಳಗೆ ಮಾಯವಾಗುವ ತಂತಿ. ಮಂಜಿನ ನಡುವಿನಿಂದ ಬಂದ ಒಂದು ಮಾತಿನ ಗುಳ್ಳೆ. ಅದರೊಳಗೆ ಪುಟ್ಟಿಯ ಮಾತು ಬರೆಯಬೇಕು, ಮೂಲೆಯಲ್ಲಿ 'ಮುಗಿಯಿತು' ಎನ್ನಬೇಕು.

'ನಾನು ಬರಲ್ಲ ಅಪ್ಪ. ನಂಗಿಲ್ಲಿ ಚೆನ್ನಾಗಿದೆ' ಎಂದು ಬರೆದ. ಓದಿದ. ಮೊಂಡು ಹುಡುಗನೊಬ್ಬ ಹೇಳಿದ ಹಾಗಿತ್ತು. ಅಳಿಸಿದ. 'ಒಳಗೆ ಹೋಗಿ ಅಪ್ಪ, ಚಳಿ ಇದೆ' ಎಂದು ಬರೆದ. ಅದು ಪ್ರೂಫ್ ನೋಡುವಾಕೆಯ ದನಿ. 'ಯಾರೂ ನನಗೆ ಹೇಳಿಕೊಟ್ಟಿಲ್ಲ' ಎಂದು ಬರೆದ. ಅದು ಯಾರ ದನಿಯೂ ಅಲ್ಲ, ಅವನ ತಪ್ಪೊಪ್ಪಿಗೆ. ಅದನ್ನೂ ಅಳಿಸಿದ.

ಹುಬ್ಬು, ಜಡೆ, ಮೊಣಕಾಲಿನ ತರಚು ಗಾಯ, ಅವಳದೆಂದು ಏನೆಲ್ಲ ಬಿಡಿಸಿದ್ದ. ತಾನಾಗಿ ಅವಳು ಒಂದು ಮಾತು ಹೇಳಬೇಕಾದರೆ ಹೇಗೆ ಹೇಳುತ್ತಾಳೆ ಎಂದು ಅವನಿಗೆ ಗೊತ್ತಿರಲಿಲ್ಲ. ಆ ಒಂಟಿತನ ಅವನ ಮೇಲೆ ಒಮ್ಮೆಲೇ ಬಂದು ಕೂತಿತು, ಮೈಮೇಲೆ ಒದ್ದೆ ಕಂಬಳಿ ಹಾಕಿದ ಹಾಗೆ.

ಏಳಕ್ಕೆ ಎರಡು ನಿಮಿಷವಿತ್ತು. 'ಮುಗಿಯಿತು' ಎಂಬುದನ್ನು ಅಳಿಸಿದ. ಗುಳ್ಳೆಯನ್ನು ಖಾಲಿ ಬಿಟ್ಟು ಪುಟ ಕಳಿಸಿದ.

ಕಟ್ಟೆಯಲ್ಲಿ ಎಲ್ಲರಿಗಿಂತ ಮೊದಲು ಮೊಸಳೆ ಬರೆದ: 'ಮಹನೀಯರೇ, ಮೇಷ್ಟ್ರು ಮಾತನ್ನು ನಮಗೇ ಬಿಟ್ಟಿದ್ದಾರೆ. ಇಂಥ ಧೈರ್ಯ ಇನ್ನಾರಿಗಿದೆ?' ಅಷ್ಟೇ ಸಾಕಾಯಿತು. ಒಬ್ಬೊಬ್ಬರೂ ಆ ಗುಳ್ಳೆಯನ್ನು ತುಂಬತೊಡಗಿದರು.

'ಅಪ್ಪಾ, ದಾರಿ ಸಿಕ್ಕಿತು!'

'ಅಪ್ಪಾ, ಹಳದಿ ಕೋಟಿನವನನ್ನ ನಂಬಬೇಡ.'

'ಅಪ್ಪಾ, ಇಲ್ಲಿ ಕತ್ತಲು. ದೀಪ ತೋರಿಸು.'

'ಅಪ್ಪಾ, ನಾನು ದೊಡ್ಡೋಳಾಗಿದೀನಿ, ಗುರುತು ಹಿಡೀತೀಯಾ?'

ಅವನು ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. ಒಂದೊಂದನ್ನೂ ಮೆಲ್ಲಗೆ, ಬಾಯಿಬಿಟ್ಟು ಓದಿದ. ಯಾವುದಾದರೂ ಒಂದು ಅವಳ ದನಿಗೆ ಹೊಂದಬಹುದೆಂದು ಹುಡುಕಿದ. ಬರೆದವರು ಯಾರೋ ಏನೋ. ಕೆಲಸ ಮುಗಿಸಿ ಬಂದವರು, ರೈಲಿಗೆ ಕಾಯುತ್ತಿರುವವರು, ಮೀಸೆ ಬಂದ ಗಂಡಸರೂ ಅವರಲ್ಲಿದ್ದಾರು. ಎಲ್ಲರೂ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದರು.

"ಹೂಂ," ಎಂದ ಅವನು, ಕತ್ತಲಾಗುತ್ತಿದ್ದ ಕೋಣೆಯಲ್ಲಿ, ಕಥೆ ಕೇಳುವ ಮಗು ಹೂಂಗುಟ್ಟುವ ಹಾಗೆ.

ಇನ್ನೊಂದು ಅಪ್ಪಾ ಬಂತು. "ಹೂಂ," ಎಂದ. ಮತ್ತೊಂದು ಬಂತು. ಮೇಲೆ ತಂತಿಯ ಕೊನೆಯಲ್ಲಿ ಆ ಗುಳ್ಳೆ ಬೆಳ್ಳಗೆ ತೂಗುತ್ತಿತ್ತು. ಅದರ ಬಾಲ ಮಂಜಿನೊಳಕ್ಕೆ ಇಳಿದು, ಯಾವ ಬಾಯಿಗೂ ತಾಗದೆ ನಿಂತಿತ್ತು.