ಓಣಿಯ ದಲ್ಲಾಳಿ

ಆಟಿ ತಿಂಗಳ ಜಡಿಮಳೆಯಲ್ಲಿ, ಕಂಕುಳಲ್ಲಿ ಕೊಡೆ ಇರುವಾಗಲೂ ತೊಪ್ಪೆಯಾಗಿ ನೆನೆಯುತ್ತ ಹೋಗುವವರೊಬ್ಬರನ್ನು ಬಂಟ್ವಾಳ ಪೇಟೆಯಲ್ಲಿ ಕಂಡರೆ, ಅವರು ಜಾಗದ ದಲ್ಲಾಳಿ ಬದ್ರುದ್ದೀನ್ ಬ್ಯಾರಿಯಲ್ಲದೆ ಬೇರೆ ಯಾರೂ ಆಗಿರುತ್ತಿರಲಿಲ್ಲ. ಆ ಕೊಡೆ ಅವರ ಅಳತೆಗೋಲು. ಮಡಿಚಿದ ಬಟ್ಟೆಯ ಮೇಲೆ ಗೇಣಿಗೊಂದರಂತೆ ಕೆಂಪು ನೂಲು ಬಿಗಿದಿದ್ದರು. ಬಿಚ್ಚಿದರೆ ಅಳತೆ ಕೆಡುತ್ತಿತ್ತು. ಬೆಳ್ತಂಗಡಿಯ ಗುಡ್ಡಗಳಿಂದ ಮೂಡಬಿದ್ರೆಯ ಬೀದಿಗಳವರೆಗೆ ಆ ಕೊಡೆ ಮಲಗಿ ಏಳದ ಜಾಗವಿರಲಿಲ್ಲ. ಅಳೆಯುವಾಗ ಯಾರಾದರೂ ಮಾತಾಡಿಸಿದರೆ ಒಂದು ಬೆರಳೆತ್ತಿ ಸುಮ್ಮನಿರಿಸುತ್ತಿದ್ದರು; ಎಷ್ಟು ದೊಡ್ಡ ಧನಿಗಳಿಗೂ ಆ ಬೆರಳಿನಿಂದ ವಿನಾಯಿತಿ ಇರಲಿಲ್ಲ.

ದಲ್ಲಾಳಿಗೆ ಜಾಗ ಒಪ್ಪಿಸುವ ಕ್ರಮ ಆಗ ಸರಳವಾಗಿತ್ತು. ವೀಳ್ಯದೆಲೆಯ ಮೇಲೆ ಒಂದು ರೂಪಾಯಿ ಇಟ್ಟು ಕೈಗೆ ಕೊಟ್ಟರೆ ಮಾತಾದ ಹಾಗೆ. ಕ್ರಯಪತ್ರ ನೋಂದಣಿಯಾದ ದಿನ ನೂರಕ್ಕೆ ಎರಡರಂತೆ ಅವರ ಪಾಲು. ಮಾರುವವರಿಂದಲೂ ಕೊಳ್ಳುವವರಿಂದಲೂ ತೆಗೆದುಕೊಳ್ಳುವುದು ಉಳಿದ ದಲ್ಲಾಳಿಗಳ ರೂಢಿ, ಅದರಲ್ಲಿ ಯಾರಿಗೂ ತಪ್ಪು ಕಾಣುತ್ತಿರಲಿಲ್ಲ. ಇವರು ಮಾತ್ರ ವೀಳ್ಯ ಕೊಟ್ಟವರ ಹೊರತು ಇನ್ನೊಬ್ಬರ ಚಹಾವನ್ನೂ ಕುಡಿಯುತ್ತಿರಲಿಲ್ಲ. ಯಾಕೆಂದು ಕೇಳಿದರೆ, “ಎರಡು ಕಡೆಯ ವೀಳ್ಯ ಬಾಯಿಗೆ ಹಾಕಿದ್ರೆ ಮಾತಾಡ್ಲಿಕ್ಕೆ ಜಾಗ ಎಲ್ಲಿ ಉಂಟು?” ಎನ್ನುತ್ತಿದ್ದರು.

ಐವತ್ತೊಂಬತ್ತನೇ ಇಸವಿಯಲ್ಲಿ ನಾನೂ ಅವರಿಗೆ ವೀಳ್ಯ ಕೊಟ್ಟೆ. ಗಂಡ ತೀರಿ ಎರಡು ವರ್ಷವಾಗಿತ್ತು. ಇಬ್ಬರು ಹೆಣ್ಣುಮಕ್ಕಳೊಂದಿಗೆ ಅಣ್ಣನ ಮನೆಯ ಚಾವಡಿಯ ಮೂಲೆಯಲ್ಲಿದ್ದೆ. ಕುಟುಂಬದ ಪಾಲಿನಲ್ಲಿ ನರಿಕೊಂಬಿನ ಹೊಳೆಬದಿಯ ಜಾಗ ನನಗೆ ಬಂದಿತ್ತು. ಮೂಡಬಿದ್ರೆಯಲ್ಲಿ, ಮಕ್ಕಳ ಶಾಲೆಯ ಹಿಂದೆಯೇ, ಒಂದು ಹಂಚಿನ ಮನೆ ಎಂಟು ಸಾವಿರಕ್ಕೆ ಸಿಗುವುದಿತ್ತು. ಆದರೆ ಆ ಮನೆಯ ಒಡೆಯರು ಕೊಟ್ಟ ವಾಯಿದೆ ದೀಪಾವಳಿಯವರೆಗೆ ಮಾತ್ರ. ನನ್ನ ಜಾಗ ಮಾರಿದ ಹೊರತು ಆ ಮನೆಯಿಲ್ಲ.

ಬ್ಯಾರಿ ಎರಡು ದಿನ ಅಳೆದರು, ನನ್ನ ಪಾಲುಪಟ್ಟಿಯನ್ನು ಯಾರಿಂದಲೋ ಓದಿಸಿದರು, ಅಕ್ಕಿ ಮಿಲ್ಲು ಹಾಕಲು ಜಾಗ ಹುಡುಕುತ್ತಿದ್ದ ಶಾಂತಿರಾಜ ಹೆಗ್ಡೆಯವರನ್ನು ಕರೆತಂದು ತೋರಿಸಿದರು. ಹೆಗ್ಡೆಯವರು ಐದೂವರೆ ಸಾವಿರ ಎಂದರು. ಆಮೇಲೆ ನಾನು ಕೇಳಿದಾಗಲೆಲ್ಲ ಬ್ಯಾರಿಯದು ಒಂದೇ ಉತ್ತರ: “ನೋಡುವ ಅಕ್ಕ, ನೋಡುವ.” ದಸರೆಯೂ ಕಳೆಯಿತು.

ಆ ಹೊತ್ತಿನಲ್ಲಿ ಹೆಗ್ಡೆಯವರ ಗುಮಾಸ್ತ ಸಂಕಪ್ಪ ಒಬ್ಬನೇ ಬಂದ.

“ಮಾರ್ಗದಿಂದ ಜಾಗಕ್ಕೆ ಹೋಗುವ ಆ ಓಣಿ ಸರಕಾರದ್ದು ಪ್ರೇಮಕ್ಕ, ಅದು ಲೆಕ್ಕಕ್ಕಿಲ್ಲ. ಒಳಗಿನ ಜಾಗಕ್ಕೆ ಮಾತ್ರ ಆರೂವರೆ ಸಾವಿರ. ಬ್ಯಾರಿಗೆ ಕೊಡುವುದು ನಿಮಗೇ ಉಳೀತಲ್ಲ.”

ನಾನು ಒಪ್ಪಿಬಿಟ್ಟೆ. ಕಡಿಮೆ ಬಿದ್ದದ್ದಕ್ಕೆ ಮಕ್ಕಳ ಬಳೆಗಳನ್ನು ಅಡವಿಡುವುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ದಲ್ಲಾಳಿ ತಂದ ಗಿರಾಕಿಯೊಂದಿಗೆ ದಲ್ಲಾಳಿಯ ಬೆನ್ನ ಹಿಂದೆ ಮಾತು ಮುಗಿಸುವುದು ನಮ್ಮ ಕಡೆ ಬಹಳ ಜನ ಮಾಡುವ ಜಾಣತನ, ನಾನೂ ಮಾಡಿದೆ.

ಮೂರನೇ ದಿನ ಬ್ಯಾರಿ ಬಂದು ಜಗಲಿಯ ತುದಿಯಲ್ಲಿ ಕೂತರು. ಸುದ್ದಿ ಮುಟ್ಟಿತ್ತು. ನಾನು ಮುಖ ತಗ್ಗಿಸಿದೆ. ಅವರು ಬೈಯಲಿಲ್ಲ.

“ಓಣಿ ಲೆಕ್ಕಕ್ಕಿಲ್ಲ ಅಂತ ಅವರೇ ಹೇಳಿದ್ದಾ?”

“ಹೌದು. ಸರಕಾರದ್ದಂತೆ.”

“ಪತ್ರದಲ್ಲಿಯೂ ಬರೆಸಿಲ್ವಾ?”

“ಇಲ್ಲ. ಒಳಗಿನ ಜಾಗ ಮಾತ್ರ ಅಂತ ಸಂಕಪ್ಪ ಓದಿ ಹೇಳಿದ್ದಾನೆ.”

ಅವರ ಗಡ್ಡದೊಳಗೆ ನಗು ನಿಧಾನವಾಗಿ ಹಬ್ಬಿತು. “ಹಾಗಾದ್ರೆ ನಿಮ್ಮ ಮಾತು ನೀವು ಉಳಿಸಿಕೊಳ್ಳಿ ಅಕ್ಕ. ರಿಜಿಸ್ಟ್ರಿ ದಿನ ಪಾಲುಪಟ್ಟಿ ಮರೀದೆ ತನ್ನಿ.”

ನೋಂದಣಿ ಕಚೇರಿಯೊಳಗೆ ಆ ದಿನ ಹೆಗ್ಡೆಯವರ ಹಣವನ್ನು ಪಡೆದು, ಪತ್ರಕ್ಕೆ ಹೆಬ್ಬೆಟ್ಟಿನ ಗುರುತೂ ರುಜುವೂ ಹಾಕಿ ಹೊರಬಂದಾಗ ಬ್ಯಾರಿ ಜಗಲಿಯ ಕಂಬಕ್ಕೊರಗಿ ನಿಂತಿದ್ದರು. ಹೆಗ್ಡೆಯವರು ಹುಬ್ಬೇರಿಸಿದರು.

“ಇದು ದಲ್ಲಾಳಿ ಇಲ್ಲದ ವ್ಯಾಪಾರ ಮಾರಾಯ. ನೀನ್ಯಾಕೆ ಬಂದದ್ದು?”

“ಜಾಗಕ್ಕೆ ದಲ್ಲಾಳಿ ಇಲ್ಲ ಧನಿಗಳೇ. ನಾನು ಓಣಿಯ ದಲ್ಲಾಳಿ.”

ಪಾಲುಪಟ್ಟಿಯನ್ನು ಅವರು ಸಂಕಪ್ಪನ ಕೈಗೇ ಕೊಟ್ಟು ಗಟ್ಟಿಯಾಗಿ ಓದಿಸಿದರು. ಹೊಳೆಬದಿಯ ಜಾಗಕ್ಕೆ ಒಂದು ನಂಬರು. ಮಾರ್ಗದಿಂದ ಅಲ್ಲಿಗೆ ಹೋಗುವ ಓಣಿಗೆ ಬೇರೆ ನಂಬರು. ಎರಡೂ ಪ್ರೇಮಾವತಿಯ ಹೆಸರಿಗೆ. ಓದುತ್ತ ಓದುತ್ತ ಸಂಕಪ್ಪನ ಸ್ವರ ಇಳಿಯಿತು.

“ನಡೆದು ಹೋಗುವವರನ್ನು ಅಕ್ಕ ತಡೆಯುವುದಿಲ್ಲ,” ಎಂದರು ಬ್ಯಾರಿ. “ಭತ್ತದ ಲಾರಿ ಹೋಗ್ಬೇಕಾದ್ರೆ ಓಣಿ ನಿಮ್ಮದಾಗ್ಬೇಕು. ಎರಡು ಸಾವಿರ.”

“ಇಷ್ಟಗಲದ ಓಣಿಗಾ?”

“ಲೆಕ್ಕಕ್ಕಿಲ್ಲದ್ದು ಅಂತ ನೀವೇ ಹೇಳಿದ್ದಲ್ವಾ ಧನಿಗಳೇ. ಲೆಕ್ಕಕ್ಕೆ ಬಂದಾಗ ಸ್ವಲ್ಪ ಜಾಸ್ತಿ ಆಗ್ತದೆ.”

ಜಗಲಿಯ ಮೇಲಿದ್ದವರೆಲ್ಲ ನಕ್ಕರು. ಹೆಗ್ಡೆಯವರು ಸಂಕಪ್ಪನನ್ನು ದುರುಗುಟ್ಟಿ ನೋಡಿ, ಕೊನೆಗೆ ತಾವೂ ನಕ್ಕುಬಿಟ್ಟರು. ವಾರದೊಳಗೆ ಓಣಿಯ ಪತ್ರವೂ ಆಯಿತು. ದೀಪಾವಳಿಗೆ ನಾಲ್ಕು ದಿನ ಇರುವಾಗಲೇ ಮೂಡಬಿದ್ರೆಯ ಮನೆಯ ಬಾಗಿಲನ್ನು ನನ್ನ ಕೈಯಾರೆ ತೆರೆದೆ. ಮಕ್ಕಳು ಕೋಣೆಯಿಂದ ಕೋಣೆಗೆ ಓಡುವಾಗ ಅವರ ಕೈಬಳೆಗಳ ಸದ್ದು ಇಡೀ ಮನೆ ತುಂಬಿತು. ಅಷ್ಟು ಗಟ್ಟಿಯಾಗಿ ಸದ್ದು ಮಾಡುವ ಸ್ವಾತಂತ್ರ್ಯ ಅವರಿಗೆ ಅದುವರೆಗೆ ಎಲ್ಲಿಯೂ ಇರಲಿಲ್ಲ.

ಬ್ಯಾರಿ ಬಂದಾಗ, ಎಂಟೂವರೆ ಸಾವಿರಕ್ಕೆ ನೂರಕ್ಕೆರಡರಂತೆ ನೂರೆಪ್ಪತ್ತು ರೂಪಾಯಿ ಎಣಿಸಿಟ್ಟೆ. ಅವರು ನಲವತ್ತನ್ನು ಎತ್ತಿಕೊಂಡು ಉಳಿದದ್ದನ್ನು ನನ್ನ ಕಡೆಗೆ ಸರಿಸಿದರು.

“ಜಾಗ ಮಾರಿದ್ದು ನೀವು. ನಾನು ಮಾರಿದ್ದು ಓಣಿ.”

“ಗಿರಾಕಿಯನ್ನು ತಂದದ್ದು ನೀವಲ್ಲವಾ ಬ್ಯಾರಿಗಳೇ? ನನ್ನನ್ನು ನಾಚಿಸಬೇಡಿ.”

“ನಾಚಿಕೆ ಆದ್ರೆ ಒಳ್ಳೇದೇ ಅಕ್ಕ. ಮುಂದಿನ ವ್ಯಾಪಾರಕ್ಕೆ ಬುದ್ಧಿ ಸಸ್ತಾದಲ್ಲಿ ಸಿಕ್ಕಿದ ಹಾಗಾಯ್ತು,” ಎಂದು, ನಾನು ಕೊಟ್ಟ ಚಹಾವನ್ನು ಕೊನೆಯ ಗುಟುಕಿನವರೆಗೆ ಕುಡಿದು ಎದ್ದರು.

ಆಮೇಲೆ ಮಕ್ಕಳ ಮದುವೆಯ ಕಾಲಕ್ಕೆ ಎರಡು ಸಲ ಜಾಗ ಕೊಂಡಿದ್ದೇನೆ, ಮಾರಿದ್ದೇನೆ. ವೀಳ್ಯ ಕೊಟ್ಟವರ ಬೆನ್ನ ಹಿಂದೆ ಒಂದು ಮಾತನ್ನೂ ಆಡಲಿಲ್ಲ. ದಲ್ಲಾಳಿ ಎಂದರೆ ಬಾಯಿಮಾತಿನಲ್ಲಿ ಬದುಕುವವನೆಂದು ಲೋಕ ಹಗುರವಾಗಿ ಆಡಿಕೊಳ್ಳುತ್ತದೆ. ಆದರೆ ಈ ವೃತ್ತಿಯ ಸತ್ಪುರುಷರು, ಜಾಗದ ಒಡೆಯರೇ ತುಳಿದು ನೋಡದ ಗಡಿಗಳನ್ನು ಬರಿಗಾಲಿನಲ್ಲಿ ತುಳಿದು, ನಮ್ಮದು ಯಾವುದೆಂದು ನಮಗೇ ತೋರಿಸಿಕೊಡುವವರು. ಅಂಥವರಿಗೆ ಕೊಟ್ಟ ಹಣ ಕೈಬಿಟ್ಟು ಹೋಯಿತೆಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ನಾನು ಅದು ತಂದುಕೊಟ್ಟ ಮನೆಯ ಸೂರಿನ ಕೆಳಗೆ ಕೂತು ಇದನ್ನು ಬರೆಯುತ್ತಿದ್ದೇನೆ.