ಯಾದಿ ಬರುವ ಮುನ್ನ

ನಾನು ಒಂದು ಮೌಸು. ಕಂಪ್ಯೂಟರಿನ ಬಲಗಡೆ, ಮನುಷ್ಯರ ಅಂಗೈಯ ಅಡಿಯಲ್ಲಿ ನನ್ನ ಜಾಗ. ಹುಟ್ಟಿದ್ದು ಯಾವ ಊರಿನ ಕಾರ್ಖಾನೆಯಲ್ಲೋ ತಿಳಿಯದು. ಒಬ್ಬ ಹೆಂಗಸು ನನ್ನನ್ನು ಅಂಗಾತ ಮಲಗಿಸಿ ಹೊಟ್ಟೆಗೆ ಒಂದು ತಿರುಪು ಬಿಗಿದಳು, ಅಷ್ಟೇ ನೆನಪು. ಪರದೆಯ ಮೇಲೆ ನಡೆಯುವುದು ನನಗೆ ಕಾಣಿಸದು. ಜನರನ್ನು ನಾನು ಅರಿತದ್ದು ಅವರ ಅಂಗೈಯಿಂದ, ಮಾತಿನಿಂದ.

ಮೊದಲು ಹತ್ತಿ ಗಿರಣಿಯೊಂದರ ಗುಮಾಸ್ತನ ಕೈಯಲ್ಲಿದ್ದೆ. ಅವನ ಬೆರಳಿಗೆ ಸದಾ ನಶ್ಯದ ವಾಸನೆ. ಗಿರಣಿ ಮುಚ್ಚಿದಾಗ ಮೇಜು, ಕಂಪ್ಯೂಟರುಗಳ ಜೊತೆ ನನ್ನನ್ನೂ ಮಾಬೂಬಿ ಎಂಬಾಕೆ ಕೊಂಡು ಹಾವೇರಿ ಕಡೆಯ ತನ್ನ ಹಳ್ಳಿಗೆ ತಂದಳು. ಬಸ್‌ಸ್ಟ್ಯಾಂಡಿನ ಪಕ್ಕ ಅವಳ ಕಂಪ್ಯೂಟರ್ ಅಂಗಡಿ. ಪಹಣಿ, ರೇಷನ್ ಕಾರ್ಡು, ಹಾಲ್‌ಟಿಕೆಟ್ಟು ಎಂದು ಊರೆಲ್ಲ ನನ್ನ ಬೆನ್ನ ಮೇಲೆ ಕೈಯಿಟ್ಟಿತು.

ಒಂದು ಬೇಸಿಗೆ ದಾಕ್ಷಾಯಣಿ ಬಂದಳು. ಆಗಷ್ಟೇ ಬಿ.ಎಸ್ಸಿ. ಮುಗಿಸಿದ್ದಳು. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಲೇಬೇಕೆಂಬ ಹಟ. ಮೂರು ವಿಶ್ವವಿದ್ಯಾಲಯಗಳ ಅರ್ಜಿಗಳನ್ನು ಮಾಬೂಬಿಗೂ ಬಿಡದೆ ತಾನೇ ತುಂಬಿದಳು. ಮೆಣಸಿನಕಾಯಿ ತೊಟ್ಟು ಬಿಡಿಸಿದ ಘಾಟು ಅವಳ ಬೆರಳಲ್ಲಿತ್ತು.

ಆಯ್ಕೆಯ ಯಾದಿಗೆ ಇನ್ನೂ ಹತ್ತು ದಿನವಿದ್ದಾಗ ಮತ್ತೆ ಬಂದಳು. ಜೊತೆಗೆ ತಂದೆ ಫಕ್ಕೀರಪ್ಪ, ದನದ ಸಂತೆಯ ದಲ್ಲಾಳಿ. ಹತ್ತಿರದ ವಿಶ್ವವಿದ್ಯಾಲಯದಲ್ಲಿ ತಾನು ಮಾತಾಡಿದ್ದೇನೆ, ಸೀಟು ಆದಂತೆಯೇ ಎಂದು ಕಾಲೇಜಿನ ಮಾಸ್ತರು ಅವನಿಗೆ ಹೇಳಿದ್ದರಂತೆ.

"ಉಳಿದ ಎರಡೂ ಅರ್ಜಿ ವಾಪಸ್ ತಗೊ," ಎಂದ ಮಗಳಿಗೆ.

"ಯಾಕ ಕಾಕಾ? ಯಾದಿ ಹಚ್ಚೂತನಕ ತಡಿ," ಎಂದಳು ಮಾಬೂಬಿ.

"ಸಂತ್ಯಾಗ ಒಬ್ಬರ ಕಡೆ ಎಲಿ ಅಡಿಕಿ ಹಿಡದಮ್ಯಾಲೆ ನಾ ಇನ್ನೊಬ್ಬರ ಎತ್ತಿನ ಹಲ್ಲು ನೋಡಂಗಿಲ್ಲವಾ. ಮಾಸ್ತರು ಮಾತು ಕೊಟ್ಟಾರ. ನಾವು ಇನ್ನೂ ಎರಡು ಕಡೆ ಟವೆಲ್ ಹಾಕಿ ಕುಂತ್ರ ಅವರಿಗೆ ಹೆಂಗ ಮುಖ ತೋರಸೂದು? ಅಲ್ಲಿ ಕಾಯೂ ಮಕ್ಕಳಿಗೂ ಜಾಗ ಬಿಡಬೇಕು."

"ಇದು ಸಂತಿ ಅಲ್ಲೋ ಕಾಕಾ! ಈ ಕಂಪ್ಯೂಟರ್‌ಗೆ ನಿನ್ನ ಮಾಸ್ತರ ಪರಿಚಯ ಇಲ್ಲ."

"ಹತ್ತು ದಿನ ಅಷ್ಟ ಅಪ್ಪಾ, ಇರ್ಲಿ ಬಿಡು," ಎಂದಳು ದಾಕ್ಷಾಯಣಿ.

"ನನ್ನ ಹೆಸರು ಕೆಡಸಬ್ಯಾಡ ಮಗಳ."

ಅವಳ ಅಂಗೈ ಬೆವರಿತು. ತೋರುಬೆರಳು ನನ್ನ ಎಡಗುಂಡಿಯ ಮೇಲೆ ಬಹಳ ಹೊತ್ತು ಸುಮ್ಮನಿತ್ತು. "ಖಚಿತವೇ ಅಂತ ಕೇಳಾಕ್ಹತ್ತೈತಿ," ಎಂದಳು.

"ಹೌದು ಅನ್ನು."

ಒತ್ತಿದಳು. ಎರಡನೆಯ ಅರ್ಜಿಗೂ ಒತ್ತಿದಳು.

ಯಾದಿ ಬಂತು. ಅವಳ ಹೆಸರಿರಲಿಲ್ಲ. ಫಕ್ಕೀರಪ್ಪ ಅಂಗಡಿಯಿಂದಲೇ ಮಾಸ್ತರಿಗೆ ಫೋನು ಹಚ್ಚಿದ. "ನಾ ಏನು ಬರದು ಕೊಟ್ಟಿದ್ನಾ?" ಎಂಬ ಮಾಸ್ತರ ಮಾತು ಮೇಜಿನವರೆಗೆ ಕೇಳಿಸಿತು. ಬಿಟ್ಟುಕೊಟ್ಟ ಎರಡೂ ಕಡೆಗೆ ದಾಕ್ಷಾಯಣಿ ಪತ್ರ ಬರೆದಳು. ಹಿಂತೆಗೆದ ಅರ್ಜಿಯನ್ನು ಮತ್ತೆ ಪರಿಗಣಿಸಲಾಗದು ಎಂದು ಎರಡು ಕಡೆಯಿಂದಲೂ ಉತ್ತರ. ವಾರ ಬಿಟ್ಟು ಅಪ್ಪ ಮಗಳು ಅಂಗಡಿಗೆ ಬಂದಾಗ ಮಾಬೂಬಿ ಅದರಲ್ಲಿ ಒಂದು ಕಡೆಯ ಯಾದಿ ತೆರೆದು ಓದಿದಳು. ಕೊನೆಯ ಸೀಟು ಸಿಕ್ಕವಳಿಗೆ ದಾಕ್ಷಾಯಣಿಗಿಂತ ನಾಲ್ಕು ಅಂಕ ಕಡಿಮೆ.

ಫಕ್ಕೀರಪ್ಪ ಅಂದ, "ಯಾರ ಮಗಳೋ. ಚಲೋ ಓದ್ಲಿ."

"ನಿನ್ನ ಹೆಸರು ಉಳೀತಲ್ಲಪ್ಪಾ," ಎಂದಳು ದಾಕ್ಷಾಯಣಿ. ಅವಳ ಕೈ ಮತ್ತೆಂದೂ ನನ್ನ ಮೇಲೆ ಬರಲಿಲ್ಲ.

ಮುಂದಿನ ವರ್ಷ ಹಾಕಿದರಾಯಿತು ಎಂದವರು ಬಹಳ. ಆದರೆ ಮನೆಯಲ್ಲಿ ಕೂತ ಹುಡುಗಿಯನ್ನು ಕೇಳಿಕೊಂಡು ಜನ ಬಂದರು. ಫಕ್ಕೀರಪ್ಪ ಒಂದು ಮನೆಯವರಿಗೆ ಮಾತು ಕೊಟ್ಟ, ಅದಕ್ಕೂ ತಪ್ಪಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಮಾಬೂಬಿ ಅವಳ ಮದುವೆಯ ಕಾರ್ಡಿನ ಅಕ್ಷರ ಜೋಡಿಸುತ್ತಿದ್ದಾಗ ನನ್ನ ಎಡಗುಂಡಿ ಕೈಕೊಟ್ಟಿತು. ಎಷ್ಟು ಒತ್ತಿದರೂ ಏಳಲಿಲ್ಲ. "ಹಾಳಾದ್ದು," ಎಂದು ಬೈದು ಅವಳು ನನ್ನ ಬಾಲ ಕಿತ್ತು, ಹೊಸದನ್ನು ಹಚ್ಚಿ ಕೆಲಸ ಮುಂದುವರಿಸಿದಳು. ಕಾರ್ಡು ತಡವಾಗಲಿಲ್ಲ.

ಈಗ ಮೇಜಿನ ಕೆಳಗೆ ತಗಡಿನ ಡಬ್ಬಿಯಲ್ಲಿ ಮುರಿದ ಪ್ಲಗ್ಗುಗಳ ನಡುವೆ ಬಿದ್ದಿದ್ದೇನೆ. ಹೇಳಿದಾಗ ಒತ್ತಿಸಿಕೊಳ್ಳುವುದೇ ಒಳ್ಳೆಯತನವೆಂದು ನಂಬಿ ಬಾಳಿದವನು ನಾನು. ಕೆಡುವುದು ಹೇಗಿದ್ದರೂ ನನ್ನ ಹಣೆಯಲ್ಲಿ ಬರೆದಿತ್ತು. ಆದರೆ ಆ ದಿನ, ಅವಳ ಬೆರಳು ಅಷ್ಟು ಹೊತ್ತು ಕಾಯುತ್ತಿದ್ದಾಗ, ನಾನು ಎರಡೂ ಸಲ ಚೊಕ್ಕವಾಗಿ ಕೆಲಸ ಮಾಡಿದೆ.