ಗಲಾಟೆ ಮಾಡದ ಮಗು

"ಆ ಬೆರಳು ನೋಡಿ, ಬೆರಳು," ಎನ್ನುತ್ತ ಸತ್ತವಳ ತಮ್ಮ ತನ್ನ ಮೊಬೈಲನ್ನು ಆಗಷ್ಟೇ ಒಳಗೆ ಬಂದ ಮುದುಕರ ಮೂಗಿನ ಕೆಳಗೇ ಹಿಡಿದ. "ನಿನ್ನೆ ಮಧ್ಯಾಹ್ನ ತೆಗೆದಿದ್ದು. ಲಕ್ವ ಹೊಡೆದು ಮಾತು ನಿಂತು ತಿಂಗಳಾಗಿತ್ತು. ಆದ್ರೂ ಮೊಮ್ಮಗನ್ನ ಕಂಡ ತಕ್ಷಣ ಕೈ ಎತ್ತಿ ಹಣೆ ಮುಟ್ಟಿ ಹರಸಿದ್ಳು ನಮ್ಮಕ್ಕ."

ಮುದುಕರು ಕನ್ನಡಕ ಏರಿಸಿ ನೋಡಿ ಲೊಚಗುಟ್ಟಿದರು. ಅವರ ಹೆಂಡತಿ ಕರವಸ್ತ್ರದಿಂದ ಕಣ್ಣೊತ್ತಿಕೊಂಡಳು. ಹಜಾರದ ನಡುವೆ ಬಿಳಿ ಹೊದಿಕೆಯಡಿ ಮಲಗಿದ್ದವಳ ಕಡೆಗೆ ಇಬ್ಬರೂ ಇನ್ನೂ ತಿರುಗಿಯೇ ಇರಲಿಲ್ಲ. ಬದುಕಿದ್ದಾಗಲೂ ಅವಳ ಮುಖ ನೋಡಲು ಜನ ಹೆದರುತ್ತಿದ್ದರು. ಫೋಟೊದಲ್ಲಿ ನೋಡುವುದು ಸುಲಭ.

ಮೂವತ್ತೆರಡು ವರ್ಷ ಅವಳು ಹೆರಿಗೆ ಆಸ್ಪತ್ರೆಯಲ್ಲಿ ಹಸುಗೂಸುಗಳ ವಾರ್ಡಿನ ನರ್ಸಾಗಿದ್ದಳು. ಎಲ್ಲರಿಗೂ ದೊಡ್ಡ ಸಿಸ್ಟರ್. ಬೆಳಗಿನಿಂದ ಬಂದವರೆಲ್ಲ ಅವಳನ್ನು ಸಾವಿರ ಮಕ್ಕಳ ತಾಯಿ, ಕರುಣೆಯ ಕಡಲು ಎಂದು ಹೊಗಳುತ್ತಿದ್ದರು. ಕರುಣೆಯ ಕಡಲಂತೆ! ಅಷ್ಟು ವರ್ಷದಲ್ಲಿ ಅವಳು ಒಂದು ಮಗುವಿಗೂ ಮುತ್ತಿಟ್ಟವಳಲ್ಲ. ಮುತ್ತಿಡಲು ಬಾಗಿದ ಅತ್ತೆ, ಚಿಕ್ಕಮ್ಮಂದಿರನ್ನು ಮುಲಾಜಿಲ್ಲದೆ ಬಾಗಿಲಾಚೆ ಅಟ್ಟಿದವಳು. ಆದರೆ ಹೊಗಳಲೇಬೇಕೆಂದು ತೀರ್ಮಾನಿಸಿಕೊಂಡು ಬಂದವರಿಗೆ ಅದನ್ನೆಲ್ಲ ಹೇಳುವವರು ಯಾರು.

ಒಳಕೋಣೆಯಲ್ಲಿ ಪರದೆ ಎಳೆದಿತ್ತು. ಸೊಸೆ ಐದು ದಿನದ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು ಕೂತಿದ್ದಳು. ಹಾಲು ಕಟ್ಟಿ ಅವಳ ಎದೆ ಕಲ್ಲಾಗಿತ್ತು.

"ಬೆಳಗ್ಗೆಯಿಂದ ಕುಡಿದೇ ಇಲ್ಲಮ್ಮ," ಎಂದಳು.

"ಮಲಗಿರೋ ಮಗೂನ ಯಾರಾದ್ರೂ ಎಬ್ಬಿಸ್ತಾರಾ?" ಎಂದು ಅವಳ ತಾಯಿ ದನಿ ತಗ್ಗಿಸಿ ಗದರಿದಳು. "ಮನೆ ತುಂಬ ಜನ. ಇಂಥ ದಿನ ಕೂಸು ಕಿರುಚ್ತಿದ್ರೆ ಚೆನ್ನಾಗಿರುತ್ತಾ? ಅದಕ್ಕಿರೋ ಬುದ್ಧಿ ನಿನಗಿಲ್ಲ."

ಇಣುಕಿ ಹೋದವರೆಲ್ಲ ಅದನ್ನೇ ಹೇಳಿದ್ದರು. ಎಂಥ ಒಳ್ಳೇ ಮಗು, ಒಂಚೂರೂ ಗಲಾಟೆ ಇಲ್ಲ, ಅಜ್ಜಿ ಹೋಗಿದ್ದು ಅದಕ್ಕೂ ಗೊತ್ತಾಗಿದೆ ಪಾಪ. ಹೇಳಿ, ತಮ್ಮ ಮಾತಿಗೆ ತಾವೇ ಕರಗಿ, ಮೂಗೊರೆಸಿಕೊಂಡು ಹಜಾರಕ್ಕೆ ವಾಪಸಾಗಿದ್ದರು.

*

ಇಂಥವರಿಂದಾಗಿಯೇ ದೊಡ್ಡ ಸಿಸ್ಟರಿಗೆ ಮನುಷ್ಯರೆಂದರೆ ಅಸಹ್ಯ ಹುಟ್ಟಿದ್ದು. ವಾರ್ಡಿಗೆ ನೋಡಲು ಬಂದವರು ಹಸುಗೂಸಿನ ಅಂಗೈಯೊಳಗೆ ಬೆರಳಿಡುವರು, ಅದು ಬಿಗಿಯಾಗಿ ಹಿಡಿದುಕೊಳ್ಳುವುದು. "ನೋಡಿ, ನನ್ನನ್ನ ಗುರುತು ಹಿಡೀತು!" ಎಂದು ದೊಡ್ಡಪ್ಪನೊಬ್ಬ ಕುಣಿದಾಗ ಅವಳು ತಲೆ ಎತ್ತದೆ ಹೇಳಿದ್ದಳು:

"ಪೊರಕೆ ಕಡ್ಡಿ ಕೊಟ್ರೂ ಹಿಡ್ಕೊಳ್ಳುತ್ತೆ ರೀ. ಕೊಟ್ಟು ನೋಡಿ."

ತಲೆ ಉದ್ದಗಿದೆ, ಒತ್ತಿ ದುಂಡಗೆ ಮಾಡಿ ಎಂದವಳಿಗೆ, "ಮಡಕೆ ಅಂದ್ಕೊಂಡ್ರಾ? ವಾರಕ್ಕೆ ತಾನೇ ಸರಿಹೋಗುತ್ತೆ, ಕೈ ತೆಗೀರಿ," ಎನ್ನುವಳು. ಮೂಗಿನ ಮೇಲಿನ ಬಿಳಿ ಚುಕ್ಕೆ ಚಿವುಟಲು ಹೋದವರಿಗೆ, ಬೆನ್ನಿನ ನವಿರು ಕೂದಲನ್ನು ತಿಕ್ಕಿ ತೆಗೆಯುವ ಬಗೆ ಕೇಳಿದವರಿಗೆ, ನಿದ್ದೆಯ ನಗುವಿಗೆ ಅರ್ಥ ಹಚ್ಚಿದವರಿಗೆ, ಎಲ್ಲರಿಗೂ ಒಂದೇ ಬಗೆಯ ಮರ್ಯಾದೆ.

ಅವಳ ಕೈಕೆಳಗೆ ಇಪ್ಪತ್ತು ವರ್ಷ ದುಡಿದ ಆಯಾಗೆ ಅಷ್ಟೂ ಸಿಗುತ್ತಿರಲಿಲ್ಲ. ಅವಳನ್ನು ಕರೆಯುತ್ತಿದ್ದುದೇ "ಮಂಕು" ಎಂದು. ಒಮ್ಮೆ ಏಳೆಂಟು ಕೂಸುಗಳು ಒಟ್ಟಿಗೆ ಬಾಯಿ ಬಿಟ್ಟಾಗ ಆಯಾ ಒಂದೊಂದನ್ನೇ ಎತ್ತಿ ಸಮಾಧಾನ ಮಾಡುತ್ತ ಓಡಾಡಿದ್ದಳು.

"ಮಂಕು! ಅಳೋವೆಲ್ಲ ಚೆನ್ನಾಗಿವೆ, ಬಿಡು. ಆ ಮೂಲೇಲಿ ತೆಪ್ಪಗೆ ಮಲಗಿದೆಯಲ್ಲ, ಅದನ್ನ ಎತ್ಕೊಂಡು ಬಾ."

ಎತ್ತಿ ತಂದ ಕೂಸಿನ ಹಣೆಯನ್ನು ಅವಳು ಬೆರಳಿನಿಂದ ಒತ್ತಿ ಬಿಟ್ಟಳು. ಆಮೇಲೆ ಎದೆ, ಆಮೇಲೆ ಹೊಟ್ಟೆ, ಕೊನೆಗೆ ಅಂಗಾಲು. ಒತ್ತಿ ಬಿಟ್ಟ ಕ್ಷಣ ರಕ್ತದ ಕೆಂಪು ಸರಿದು ಚರ್ಮದ ನಿಜವಾದ ಬಣ್ಣ ಕಾಣುತ್ತದೆ. "ಕಾಮಾಲೆ ತಲೆಯಿಂದ ಕೆಳಗಿಳಿಯುತ್ತೆ. ಎಲ್ಲಿಗೆ ಬಂದಿದೆ ಅಂತ ನೋಡೋದು. ಮುಖದಲ್ಲಿದ್ರೆ ಕಾಯಬಹುದು. ಕಾಲಿಗೆ ಬಂದಿದ್ರೆ ಓಡೋದು. ನಾನು ಹೇಳಿದ್ದು ನಿನ್ನ ತಲೆಗೆ ಹೋಯ್ತಾ, ಇಲ್ಲ ಕಿವಿ ಮೇಲೆ ಹಾಯ್ದು ಹೋಯ್ತಾ?"

"ಹೋಯ್ತು ಸಿಸ್ಟರ್."

"ಸಂಶಯ," ಎಂದಿದ್ದಳು ದೊಡ್ಡ ಸಿಸ್ಟರ್.

*

ಹತ್ತೂವರೆಗೆ ಆಯಾ ಬಂದಳು. ಅಳುವ ಮುಖವೇನೂ ಹೊತ್ತು ತಂದಿರಲಿಲ್ಲ. ಇಪ್ಪತ್ತು ವರ್ಷ ಬೈಸಿಕೊಂಡವಳು, ಆ ಬಾಯಿ ನಿಜಕ್ಕೂ ಮುಚ್ಚಿದೆಯೇ ಎಂದು ಖಾತ್ರಿ ಮಾಡಿಕೊಳ್ಳಲು ಬಂದ ಹಾಗಿತ್ತು. ಹೆಣದ ಬಳಿ ನಿಂತು ಹೊದಿಕೆಯ ಒಂದು ಮಡಿಕೆ ಸರಿಮಾಡಿದಳು. ಕುರ್ಚಿ ತೋರಿಸುವ ಸೌಜನ್ಯ ಯಾರಿಗೂ ಇರಲಿಲ್ಲ. ಫೋಟೊ ತೋರಿಸುವ ಉತ್ಸಾಹ ಮಾತ್ರ ತಮ್ಮನಿಗೆ ಇನ್ನೂ ತಗ್ಗಿರಲಿಲ್ಲ.

"ನೀವೂ ನೋಡಿ. ನಿಮ್ಮ ಸಿಸ್ಟರ್ ಇಷ್ಟು ಮೃದು ಅಂತ ನಿಮಗೂ ಗೊತ್ತಿರ್ಲಿಲ್ಲ ಅಲ್ವಾ?"

ಆಯಾ ನೋಡಿದಳು. ಹಣೆಯ ಮೇಲೆ ಬೆರಳು.

"ಇನ್ನೊಂದಿದ್ಯಾ ಸರ್?"

"ಒಂದೇನು, ನಾಲ್ಕಿವೆ!" ಅವನು ಒಂದೊಂದಾಗಿ ಸರಿಸಿದ. ಎದೆಯ ಮೇಲೆ ಬೆರಳು. ಹೊಟ್ಟೆಯ ಮೇಲೆ. ಕೊನೆಯದರಲ್ಲಿ ಪುಟ್ಟ ಅಂಗಾಲಿನ ಮೇಲೆ. "ತಲೆಯಿಂದ ಕಾಲಿನವರೆಗೂ ಸವರಿ ಸವರಿ ಹರಸಿದ್ಳು ನೋಡಿ."

"ಹರಸಿದ್ದಲ್ಲ ಇದು," ಎಂದಳು ಆಯಾ. ಅವಳ ದನಿ ಏರಿತು. "ಮಗು ಎಲ್ಲಿ?"

*

ಹಿಂದಿನ ದಿನ ನಡೆದದ್ದು ಇಷ್ಟು. ಮಗುವನ್ನು ತಂದು ಮುದುಕಿಯ ಮಗ್ಗುಲಲ್ಲಿ ಮಲಗಿಸಿದರು. ಅವಳ ಬಲಗೈ ಸತ್ತಿತ್ತು. ಎಡಗೈಯನ್ನು ಎಳೆದೆಳೆದು ತಂದು ಅವಳು ನಾಲ್ಕು ಕಡೆ ಒತ್ತಿದಳು. ಮನೆಯವರೆಲ್ಲ ಸುತ್ತ ನಿಂತು ಕಣ್ಣು ತುಂಬಿಕೊಂಡರು. ತಮ್ಮ ತನ್ನ ಮೊಬೈಲ್ ತೆಗೆದ.

ಅಂಗಾಲು ಒತ್ತಿದ ಮೇಲೆ ಅವಳು ಮಗನ ಮಣಿಕಟ್ಟು ಹಿಡಿದಳು. ಗಂಟಲಿನಿಂದ ಗೊರಗೊರ ಎಂದು ಏನೋ ಹೊರಡಿಸಿದಳು. ಮತ್ತೆ ಅಂಗಾಲು ಒತ್ತಿ ಮತ್ತೆ ಮಣಿಕಟ್ಟು ಹಿಡಿದು ಜಗ್ಗಿದಳು. ಮಗ ಒಂದು ದೊಡ್ಡ ಕಚೇರಿಯಲ್ಲಿ ನಲವತ್ತು ಜನರ ಮೇಲಧಿಕಾರಿ, ಮನೆಯಲ್ಲಿ ಮಾತ್ರ ಯಾರು ಗಟ್ಟಿಯಾಗಿ ಮಾತಾಡಿದರೆ ಅವರ ಕಡೆ. ಅವನು ಸೋದರಮಾವನ ಕಡೆ ನೋಡಿದ.

"ಮಗೂನ ಚೆನ್ನಾಗಿ ನೋಡ್ಕೋ ಅಂತಿದ್ದಾಳೆ ಕಣೋ," ಎಂದು ಮಾವ ಅರ್ಥ ಹೇಳಿದ.

"ನೋಡ್ಕೋತೀನಮ್ಮ," ಎಂದು ಮಗ ಬಿಕ್ಕಿದ.

ಮಗುವನ್ನು ಎತ್ತಿಕೊಂಡು ಹೋದರು. ದೊಡ್ಡ ಸಿಸ್ಟರ್ ಸಂಜೆಯವರೆಗೂ ಗೊರಗುಟ್ಟುತ್ತ, ಮಂಚದ ಸರಳಿಗೆ ಕೈ ಬಡಿಯುತ್ತಲೇ ಇದ್ದಳು. ಸಂಕಟವಾಗುತ್ತಿದೆಯೆಂದು ನಿದ್ದೆಯ ಔಷಧಿ ಕೊಟ್ಟರು. ಬೆಳಗಾಗುವಷ್ಟರಲ್ಲಿ ಹೋಗಿದ್ದಳು. ಶಾಂತವಾಗಿ ಹೋದಳು ಎಂದು ಎಲ್ಲರಿಗೂ ಫೋನು ಮಾಡಿದರು.

*

ಆಯಾ ಪರದೆಯನ್ನು ಎಳೆದ ರಭಸಕ್ಕೆ ಎರಡು ಕೊಂಡಿ ಕಿತ್ತು ಬಿದ್ದವು. ಬೆಳಕಿನಲ್ಲಿ ಮಗುವನ್ನು ಬಿಚ್ಚಿದಳು. ಕೆನ್ನೆ ಸವರಿದಳು. ಹಸಿದ ಕೂಸು ಆ ಕಡೆಗೆ ಬಾಯಿ ತೆರೆದು ತಿರುಗಬೇಕು, ಇದು ತಿರುಗಲಿಲ್ಲ. ಅಂಗೈಯಲ್ಲಿಟ್ಟ ಬೆರಳು ಹಾಗೇ ಜಾರಿ ಹೊರಬಂತು. ತಲೆಯನ್ನು ಅಂಗೈಯಲ್ಲಿ ಎತ್ತಿ ಹಿಡಿದು ತಟ್ಟನೆ ಒಂದಿಷ್ಟು ಕೆಳಗಿಳಿಸಿದಳು. ಬೆಚ್ಚಿಬಿದ್ದು ಎರಡೂ ಕೈ ಚಾಚಿ ಅಪ್ಪಲು ಬರಬೇಕಾದ ಮಗು ಒದ್ದೆ ಬಟ್ಟೆಯ ಹಾಗೆ ಜೋತಿತು. ಅಂಗಾಲು ಒತ್ತಿ ಬಿಟ್ಟಳು. ಅರಿಶಿನದಷ್ಟು ಹಳದಿ.

"ಏನ್ರೀ ಮಾಡ್ತಿದ್ದೀರಾ, ಕೂಸಿಗೆ ನೋವಾಗುತ್ತೆ!" ಎಂದಳು ಸೊಸೆಯ ತಾಯಿ.

"ನೋವಾಗ್ತಿದ್ರೆ ಅದೇ ಅಳ್ತಿತ್ತು," ಎಂದು ಆಯಾ ಸೊಸೆಯ ಕಡೆ ತಿರುಗಿದಳು. "ಏಳಮ್ಮ. ಆಸ್ಪತ್ರೆಗೆ. ಈಗಲೇ. ಕಾಮಾಲೆ ವಿಷ ಮಿದುಳಿಗೆ ಏರಿದ್ರೆ ಮಗು ಉಳಿಯೋದು ಕಷ್ಟ, ಉಳಿದ್ರೂ ನೆಟ್ಟಗಿರಲ್ಲ."

ಬೆಳಗಿನಿಂದ ಸೊಸೆಗೆ ಗೊತ್ತಿದ್ದದ್ದನ್ನು ಯಾರೋ ಒಬ್ಬರು ಕೊನೆಗೂ ಹೇಳಿದ್ದರು. ಮಗುವನ್ನು ಎದೆಗವಚಿಕೊಂಡು ಬರಿಗಾಲಲ್ಲಿ ಹೊರಟಳು.

ಓಣಿಯ ತುಂಬ ಬಂದವರ ಕಾರುಗಳು ಅಡ್ಡಾದಿಡ್ಡಿ ನಿಂತಿದ್ದವು. ಮಗನ ಕಾರು ಎಲ್ಲದರ ಹಿಂದೆ ಸಿಕ್ಕಿಕೊಂಡಿತ್ತು. ಹೊರಡಲು ದಾರಿಯಿದ್ದದ್ದು ತಲೆಬಾಗಿಲಿಗೆ ಹತ್ತಿಕೊಂಡು ನಿಂತಿದ್ದ, ಹೆಣ ಸಾಗಿಸಲು ಬಂದ ವ್ಯಾನಿಗೆ ಮಾತ್ರ. ಸೊಸೆ ನೇರ ಅದರ ಬಾಗಿಲಿಗೆ ಕೈಹಾಕಿದಳು.

ಆಗ ತಮ್ಮನಿಗೆ ಎಚ್ಚರವಾಯಿತು. "ಏನಿದು ಅವಲಕ್ಷಣ! ಐದು ದಿನದ ಕೂಸನ್ನ ಹೆಣದ ಗಾಡೀಲಿ ಕಳಿಸ್ತೀರಾ? ನೋಡಿದವರು ಏನಂತಾರೆ? ಅಕ್ಕನ್ನ ಮನೇಲಿ ಕೊಳೆಯೋಕೆ ಬಿಟ್ಟು..."

"ನಾಳೆ ಇದೇ ಗಾಡೀಲಿ ಕೂಸನ್ನ ಕಳಿಸೋಕಾದ್ರೆ ನಿಮ್ಮದೇನೂ ಅಡ್ಡಿಯಿಲ್ಲ ಅಲ್ವಾ ಸರ್?" ಎಂದಳು ಆಯಾ.

ಮಗ ಮಾವನನ್ನು ನೋಡಿದ, ಹೊದಿಕೆಯಡಿಯ ತಾಯಿಯನ್ನು ನೋಡಿದ. ಯಾವ ಕಡೆ ಸೇರಬೇಕೆಂದು ಹೇಳುವವರು ಅಲ್ಲಿ ಯಾರೂ ಉಳಿದಿರಲಿಲ್ಲ. ವ್ಯಾನಿನ ಡ್ರೈವರ್ ಆಗಲೇ ಇಂಜಿನ್ ಶುರು ಮಾಡಿದ್ದ.

"ನಾನು ಬರೋವರೆಗೂ ಅಮ್ಮನ್ನ ತಗೊಂಡು ಹೋಗ್ಬೇಡಿ," ಎಂದು ಹೇಳಿ ಮಗ ಓಡಿ ಹತ್ತಿದ.

"ಎಷ್ಟು ಎಬ್ಬಿಸಿದ್ರೂ ಏಳ್ತಿಲ್ಲ, ಅಂಗಾಲೂ ಹಳದಿ. ಡಾಕ್ಟರಿಗೆ ಅಷ್ಟೇ ಹೇಳಿ," ಎಂದು ಆಯಾ ಮನೆಯ ಕಿಟಕಿಯಿಂದ ಕೂಗಿದಳು. "ಹರಸಿದ ಕತೆ ಬೇಡ."

ಮಗ ಖಾಲಿ ಮಾಡಿದ್ದ ಕುರ್ಚಿಯಲ್ಲಿ ಅವಳು ಯಾರನ್ನೂ ಕೇಳದೆ ಬಂದು ಕೂತಳು. ತಡವಾಯಿತೋ ಏನೋ. ಹತ್ತೂವರೆಗೆ ಬರುವ ಬದಲು ಒಂಬತ್ತಕ್ಕೆ ಬಂದಿದ್ದರೆ? ಸಿಸ್ಟರ್ ಇದ್ದಿದ್ದರೆ ಅದನ್ನೇ ಮುಖಕ್ಕೆ ಹೊಡೆದ ಹಾಗೆ ಕೇಳುತ್ತಿದ್ದಳು.

ಒಂದು ಗಂಟೆಗೆ ವ್ಯಾನ್ ಮರಳಿತು. "ಒಳಗೆ ಕರ್ಕೊಂಡ್ರು, ನೀಲಿ ಲೈಟ್ ಕೆಳಗೆ ಮಲಗಿಸಿದ್ದಾರಂತೆ," ಎಂದ ಡ್ರೈವರ್. ಅಷ್ಟೇ ಸುದ್ದಿ. ಕರುಣೆಯ ಕಡಲನ್ನು ಕೊಂಡಾಡಿದವರಿಗೆ ಒಬ್ಬೊಬ್ಬರಿಗೂ ಬೇರೆ ಕೆಲಸ ನೆನಪಾಯಿತು. ಎರಡಕ್ಕೆ ಅರ್ಧ ಹಜಾರ ಖಾಲಿ. ಉಳಿದವರು ಗಡಿಯಾರ ನೋಡಿ ಆಕಳಿಸಿದರು. ಹೆಣ ಕಾಯಿಸಿದ ಮನೆ ಇದೊಂದೇ ಎಂದು ತಮ್ಮ ಆಗಾಗ ಗೊಣಗಿದ.

ನಾಲ್ಕರ ಹೊತ್ತಿಗೆ ಅವನ ಫೋನು ಬಡಿದುಕೊಂಡಿತು. "ಹಲೋ? ಏನು? ಜೋರಾಗಿ ಹೇಳೋ, ಹಿಂದೆ ಏನೋ ಸದ್ದು..."

ಆಯಾ ಅವನ ಕೈಯಿಂದ ಫೋನು ಕಸಿದುಕೊಂಡಳು. "ಎಲ್ಲರೂ ಬಾಯಿ ಮುಚ್ರಿ!" ಎಂದಳು. ಬದುಕಿನಲ್ಲಿ ಅವಳು ಹಾಗೆ ಕೂಗಿದ್ದು ಅದೇ ಮೊದಲು. ಕೂತಿದ್ದವರು ಗಾಬರಿಯಿಂದ ಎದ್ದು ನಿಂತರು.

ಮಗು ಅಳುತ್ತಿತ್ತು. ಅಷ್ಟೇ ಸಾಲದೆಂದು ಆಯಾಗೆ ಗೊತ್ತಿತ್ತು. ವಿಷ ಮಿದುಳಿಗೇರಿದ ಕೂಸು ಅಳುವುದು ಬೇರೆ ಥರ. ತಂತಿ ಎಳೆದ ಹಾಗೆ ಕೀಚಲು, ಒಂದೇ ಸಮ, ಎಷ್ಟು ಸಂತೈಸಿದರೂ ಬದಲಾಗುವುದಿಲ್ಲ. ಅವಳು ಕಣ್ಣು ಮುಚ್ಚಿ ಕೇಳಿದಳು. ಅಳು ಏರಿತು, ಉಸಿರಿಗಾಗಿ ನಿಂತಿತು, ಬಿಕ್ಕಿತು, ಮತ್ತೆ ಹೊಟ್ಟೆಯ ಆಳದಿಂದ ಸಿಟ್ಟೆದ್ದು ಬಂತು.

"ಹಸಿವು," ಎಂದಳು ಆಯಾ. "ಕೊಡಮ್ಮ, ಮೊಲೆ ಕೊಡು, ಏನ್ ನೋಡ್ತಿದ್ದೀಯಾ!" ಎಂದು ಫೋನಿಗೆ ಬೈದಳು. ಮೇಜಿನ ತುಂಬ ಕುಡಿದಿಟ್ಟ ಲೋಟಗಳಿದ್ದವು. ಬೇರೆ ಜಾಗ ಕಾಣದೆ ಫೋನನ್ನು ಬಿಳಿ ಹೊದಿಕೆಯ ಮೇಲೆ, ಸಿಸ್ಟರಿನ ಹೆಗಲ ಪಕ್ಕದಲ್ಲೇ ಇಟ್ಟು, ಸ್ಪೀಕರ್ ಒತ್ತಿ, ಕುರ್ಚಿಯಲ್ಲಿ ಕುಸಿದು ಮುಖ ಮುಚ್ಚಿಕೊಂಡಳು.

ಕಿರುಚಾಟ ಹಜಾರವನ್ನೆಲ್ಲ ತುಂಬಿತು. ತಮ್ಮನು ಮುಖ ಸಿಂಡರಿಸಿ, ಸದ್ದು ತಗ್ಗಿಸಲು ಮೆಲ್ಲಗೆ ಕೈ ಚಾಚಿದ. ಆಯಾ ಕಣ್ಣು ತೆರೆಯದೆಯೇ ಆ ಕೈಗೆ ಫಟ್ಟೆಂದು ಏಟು ಕೊಟ್ಟಳು. ಅವನು ಕೈಯನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದ. ಎದ್ದು ನಿಂತವರು ಕೂರಬಹುದೋ ಇಲ್ಲವೋ ತಿಳಿಯದೆ, ಮಗು ಉಸಿರೆಳೆದುಕೊಂಡು ಮತ್ತೆ ಶುರುಮಾಡಿದಾಗಲೂ, ತಲೆ ತಗ್ಗಿಸಿ ನಿಂತೇ ಇದ್ದರು.